ಮಂಚಕ್ಕೆ ಇನ್ನೊಂದು ಇಟ್ಟಿಗೆ

ಡಾಂಬರಿನ ವಾಸನೆ ಅಡುಗೆಮನೆಗೂ ಬಂತು, ಹುಳಿಯ ಒಗ್ಗರಣೆಯನ್ನೂ ನುಂಗಿತು, ಮತ್ತೆ ರಸ್ತೆ ಹಾಕುತ್ತಿದ್ದಾರೆ, ಹೋದ ವರ್ಷ ತಾನೇ ಹಾಕಿದ್ದರು, ಹಾಕಲಿ, ಎಲೆಕ್ಷನ್ ಬರುತ್ತಿದೆಯಲ್ಲ — ನಾನು ಮದುವೆಯಾಗಿ ತಮಿಳು ಸೀಮೆಗೆ, ರಾಯಪುರದ ಈ ಮನೆಗೆ ಬಂದಾಗ ಬಾಗಿಲಿಗೆ ನಾಲ್ಕು ಮೆಟ್ಟಿಲು, ಹುಷಾರಮ್ಮ, ಸೀರೆ ಎತ್ತಿಕೊಂಡು ಹತ್ತು ಅಂದಿದ್ದರು ಅತ್ತೆ, ಈಗ ಹೊಸ್ತಿಲಿಗೆ ಅರಿಸಿನ ಹಚ್ಚಬೇಕಾದರೆ ರಸ್ತೆಯಲ್ಲಿ ನಿಂತು ಕೆಳಕ್ಕೆ ಬಗ್ಗಬೇಕು. ಮನೆ ಕುಸಿದಿಲ್ಲ, ರಸ್ತೆ ಏರಿದೆ, ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೇ ಸುರಿದು ಸುರಿದು ಮೆಟ್ಟಿಲುಗಳನ್ನು ಒಂದೊಂದಾಗಿ ಮುಚ್ಚಿದರು, ಕೊನೆಯದೊಂದು ಉಳಿದಿದ್ದಾಗ ಕಾರ್ಪೊರೇಷನ್ನಿನ ನೋಟೀಸು, ನಿಮ್ಮ ಮೆಟ್ಟಿಲು ರಸ್ತೆಯನ್ನು ಒತ್ತುವರಿ ಮಾಡಿದೆ, ದಂಡ ಕಟ್ಟಿದೆವು, ಈಗ ರಸ್ತೆಯೇ ಮನೆಯನ್ನು ಒತ್ತುವರಿ ಮಾಡಿದೆ, ಅದಕ್ಕೆ ಯಾರು ನೋಟೀಸು ಕೊಡುತ್ತಾರೆ, ಬಂದದ್ದು ಆಸ್ತಿ ತೆರಿಗೆ ಏರಿಸಿದ ಕಾಗದ. ಬೇಲಿಯೇ ಎದ್ದು ಹೊಲ ಮೇಯುತ್ತದೆ, ಮೇಯಲಿ, ಮೇಯ್ದದ್ದಕ್ಕೆ ನಮ್ಮಿಂದಲೇ ಕೂಲಿ ಬೇರೆ ಕೇಳುತ್ತಾರೆ, ಸಿಲಿಂಡರಿಗೆ ತೆರಿಗೆ, ಅತ್ತೆಯ ಮಾತ್ರೆಗೆ ತೆರಿಗೆ, ಜಾಕಿ ಕೊಟ್ಟು ಮನೆಯನ್ನೇ ಎತ್ತಿಸೋಣವೆಂದರೆ ನಮ್ಮ ಯಜಮಾನರ ರೈಲ್ವೆ ಪಿಎಫ್ ಪೂರ್ತಿ ತೆಗೆದರೂ ಸಾಲದು, ಆ ಎತ್ತುವುದಕ್ಕೂ ತೆರಿಗೆ. ಮುಳುಗುವುದೊಂದೇ ಪುಕ್ಕಟೆ.

ಹೋದ ಡಿಸೆಂಬರಿನ ಮಳೆಗೆ ಮುಳುಗಿದ್ದೆವಲ್ಲ, ಮಧ್ಯಾಹ್ನ, ನಾನು ಆಫೀಸಿನಲ್ಲಿ, ಮಗಳು ಶ್ರೀಯಾ ಕಾಲೇಜಿನಲ್ಲಿ, ರಸ್ತೆಯ ನೀರು ಹೊಸ್ತಿಲು ದಾಟಿ ಒಳಗಿಳಿದಿದೆ, ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಅತ್ತೆ ಒಬ್ಬರೇ ಮಂಚದ ಮೇಲೆ, ನಾನು ಬಂದಾಗ ಹಾಸಿಗೆ ನೆನೆದಿತ್ತು, ಬಲಗೈ ನೀರಿನಲ್ಲಿತ್ತು. ಅಂದಿನಿಂದ ಗಂಟೆಗೊಮ್ಮೆ ಆ ಕೈ ಮಂಚದಿಂದ ಇಳಿಯುತ್ತದೆ, ನೆಲ ಮುಟ್ಟಿ ನೋಡುತ್ತದೆ, ಒಣಗಿದ್ದರೆ ಮೇಲೆ ಹೋಗುತ್ತದೆ, ಬೇಸಿಗೆಯಲ್ಲೂ ಹೀಗೇ. ಮಂಚದ ಕಾಲಿಗೆ ಎರಡೆರಡು ಇಟ್ಟಿಗೆ ಕೊಟ್ಟಿದ್ದೇವೆ, ಈ ಡಾಂಬರಿಗೆ ಮೂರನೆಯದು ಬೇಕಾಗುತ್ತದೆ.

ಬಾಗಿಲು ಬಡಿದವನು ಗುತ್ತಿಗೆದಾರನ ಕಡೆಯ ಸೂಪರ್‌ವೈಸರ್, ಅಮ್ಮಾ, ಒರು ಸೈನ್ ಪೋಡುಂಗ, ಒಂದು ಸಹಿ ಹಾಕಬೇಕಂತೆ, ಕೈಯಲ್ಲಿ ಕಾಗದ, ಹಳೆಯ ಪದರ ಕೆರೆದು ತೆಗೆದು ಹೊಸದು ಹಾಕಲಾಗಿದೆ, ನಿವಾಸಿಗಳಿಗೆ ತೃಪ್ತಿಯಾಗಿದೆ, ಎಲ್ಲಪ್ಪಾ ಕೆರೆದಿರಿ ಅಂದರೆ ನಗುತ್ತಾನೆ, ಎಸ್ಟಿಮೇಟ್‌ಲ ಇರುಕ್ಕು ಮಾ, ಎಸ್ಟಿಮೇಟಿನಲ್ಲಿದೆಯಂತೆ, ಬಿಲ್ಲಿನಲ್ಲೂ ಇರುತ್ತದೆ, ರಸ್ತೆಯಲ್ಲಿ ಮಾತ್ರ ಇಲ್ಲ. ಸಹಿ ಹಾಕಿದರೆ ನಿಮ್ಮ ಹೊಸ್ತಿಲಿಗೆ ಅಡ್ಡವಾಗಿ ಒಂದಡಿ ಕಟ್ಟೆ, ಇವತ್ತೇ, ಕಾಸು ಬೇಡ. ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಸುಳ್ಳು ಕ್ಲೇಮು ಹಿಡಿದವಳು ನಾನು, ಒಂದು ತಾರೀಖು ತಿದ್ದಿದ್ದರೂ ಫೈಲು ವಾಪಸ್ ಕಳಿಸಿದವಳು, ಹಿಂದಿನಿಂದ ಶ್ರೀಯಾ, ಅಮ್ಮಾ ಪೋಡಾದೇ, ಹಾಕಬೇಡ, ಇದು ಫ್ರಾಡ್, ಗೊತ್ತಮ್ಮಾ ನನಗೂ ಗೊತ್ತು, ನಿನ್ನ ಅಜ್ಜಿಯ ಕೈ ಮತ್ತೆ ಇಳಿಯುತ್ತಿದೆ ನೋಡು, ಮಳೆಗಾಲಕ್ಕೆ ಎಷ್ಟು ದಿನ ಉಳಿದಿದೆ — ಹಾಕಿದೆ, ಸುಮತಿ ಭೋಜರಾಜ್, ದುಂಡಗೆ, ಓದುವಂತೆ. ನಾಚಿಕೆಯಾಯಿತು, ಪೆನ್ನು ಅವನದೇ, ವಾಪಸ್ ಕೊಟ್ಟೆ.

ಕಟ್ಟೆ ಎದ್ದಿತು, ಉಳಿದ ನಾಲ್ಕು ಇಟ್ಟಿಗೆಯನ್ನೂ ಅವನೇ ಕೊಟ್ಟುಹೋದ, ಮಂಚ ಎತ್ತಿ ಹಿಡಿದ ಶ್ರೀಯಾ ನನ್ನ ಮುಖ ನೋಡಲಿಲ್ಲ, ಒಂದೊಂದು ಕಾಲಿಗೆ ಒಂದೊಂದು ಸೇರಿಸಿದೆ. ನೀರು ಬಂತೇನೇ ಸುಮತಿ, ತೊದಲು ಮಾತು, ಇಲ್ಲ ಅತ್ತೆ, ಇನ್ನು ಬರಲ್ಲ, ಕಟ್ಟೆ ಕಟ್ಟಿಸಿದೀನಿ, ಅವರು ನಂಬಲಿಲ್ಲ, ನಾನಾದರೂ ನಂಬಿದ್ದೇನೆಯೇ, ಕೈ ಇಳಿಯಿತು, ಇಳಿದು, ಇನ್ನೂ ಇಳಿದು, ಮೂರು ಇಟ್ಟಿಗೆ ಎತ್ತರ, ನೆಲ ಸಿಗುತ್ತಿಲ್ಲ, ಒಣಗಿದೆಯೋ ನೆನೆದಿದೆಯೋ ಇನ್ನು ಅವರಿಗೆ ತಿಳಿಯುವುದಿಲ್ಲ, ಕೈ ಮೇಲಕ್ಕೂ ಹೋಗುತ್ತಿಲ್ಲ, ಐದು ಬೆರಳು ಗಾಳಿಯಲ್ಲಿ ತಡಕಾಡುತ್ತಿವೆ, ಆ ಕೈ — ಆ ಕೈ —