ಪಂಪ್ ಲೇನಿನ ಓರೆ

1969ರ ನವೆಂಬರಿನಲ್ಲಿ ತೋಯರ್ ಸಾಲಿ ಕಟ್ಟಿದ ಕಾರು ಕೇಪ್‌ಟೌನಿನ ರೇಸಿನಲ್ಲಿ ಗೆದ್ದಿತು. ಬಹುಮಾನದ ಬೆಳ್ಳಿ ತಟ್ಟೆಯಲ್ಲಿ, ಕಾರು ಕಟ್ಟಿದವರ ಹೆಸರಿರಬೇಕಾದ ಜಾಗದಲ್ಲಿ, ಓಡಿಸಿದ ಡೆನ್ನಿಸ್ ಹಾರ್ಕೋರ್ಟನ ಹೆಸರನ್ನೇ ಕೆತ್ತಿದರು. ಬಿಳಿಯರಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ತೋಯರ್ ತಂತಿಬೇಲಿಯ ಆಚೆ ನಿಂತು ನೋಡಿದರು.

ನಲವತ್ತು ವರ್ಷದ ಮೇಲೆ ಅದೇ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಸಾಲ್ಟ್ ರಿವರ್ ಬಡಾವಣೆಯ ನಮ್ಮ ಗ್ಯಾರೇಜಿಗೆ ತಂದರು. ಎರಡೇ ಸೀಟಿನ ಹಳೆಯ ಎಂ.ಜಿ. ತಂದವನು ಡೆನ್ನಿಸನ ಮಗ ಹ್ಯೂ. ತೋಯರ್ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಒಂದು ಕಾರಿಗೆ ಇನ್ನೊಂದರ ಎಂಜಿನ್ ಕೂರಿಸುವುದರಲ್ಲಿ ತೋಯರ್ ಮಗಳು ಮೈಮೂನಾಳ ಕೈ ಒಳ್ಳೆಯದು ಎಂದು ಯಾರೋ ಹೇಳಿ ಕಳಿಸಿದ್ದರು. ಗ್ಯಾರೇಜು ಮೈಮೂನಾಳದು, ಲೇತಿನ ಕೆಲಸ ನನ್ನದು. ಎಪ್ಪತ್ತೆರಡರ ತೋಯರಣ್ಣ ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕೂತು ನಮ್ಮಿಬ್ಬರ ತಪ್ಪು ಹುಡುಕುತ್ತಾರೆ.

"ಇದಕ್ಕೆ ಮೊದಲು ಇದ್ದದ್ದು ನಾಲ್ಕು ಸಿಲಿಂಡರು," ಅಂದ ಹ್ಯೂ. "ನಮ್ಮಪ್ಪನೇ ಕೈಯಾರೆ ಫೋರ್ಡಿನ ಆರು ಸಿಲಿಂಡರ್ ಎಂಜಿನ್ ಕೂರಿಸಿದ್ದು. ಈಗ ಜಾಮ್ ಆಗಿದೆ. ಅಂಥದೇ ಇನ್ನೊಂದು ತಂದಿದೀನಿ. ಸೋಮವಾರ ಹಳೇ ಕಾರುಗಳ ಪ್ರದರ್ಶನ ಇದೆ."

ತೋಯರಣ್ಣ ಸ್ಟೂಲಿನಿಂದ ಎದ್ದು ಕಾರಿನ ಸುತ್ತ ಒಂದು ಸುತ್ತು ಬಂದರು.

ಮಾರನೆಯ ದಿನ ಚೈನ್ ಹಾಕಿ ಎಂಜಿನ್ ಎತ್ತಿದೆವು. ಮೈಮೂನಾ ಒಳಗೆ ಬಗ್ಗಿ ಟಾರ್ಚು ಬಿಟ್ಟು ನೋಡಿದಳು.

"ಎಂಜಿನ್ ಕೂರೋ ಎಡಗಡೆ ಮೌಂಟಿಂಗ್ ಎತ್ತರ ಇದೆ. ಕೆಳಗೆ ಕಬ್ಬಿಣದ ತುಂಡಿನ ಪ್ಯಾಕಿಂಗ್ ಬೇರೆ ತುರುಕಿದಾನೆ. ಯಾವನೋ ಕುಡಿದು ವೆಲ್ಡಿಂಗ್ ಹೊಡೆದಿರಬೇಕು."

"ನಾನು ಯಾವತ್ತೂ ಕುಡಿದವನಲ್ಲ," ಅಂದರು ತೋಯರಣ್ಣ.

ಅವಳು ಟಾರ್ಚು ಆರಿಸಿದಳು. ನಾನು ಲೇತು ನಿಲ್ಲಿಸಿದೆ.

"ಪಂಪ್ ಲೇನಿನ ಮನೆ ಅಂಗಳದಲ್ಲಿ ಮಾಡಿದ್ದು," ಅಂದರು. "ಕಾರು ಅಡ್ಡಕ್ಕೆ ನಿಂತಿತ್ತು. ಎಡಕ್ಕೆ ಸಮುದ್ರ, ಬಲಕ್ಕೆ ಬೆಟ್ಟ. ಎಂಜಿನ್ ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ಸರಿಯಾಗಿ ನಡುವೆ ನಿಲ್ಲೋ ಹಾಗೆ ಎಡಕ್ಕೆ ಪ್ಯಾಕಿಂಗ್ ಕೊಟ್ಟು, ಬಿಸ್ಮಿಲ್ಲಾ ಅಂದು ವೆಲ್ಡ್ ಹೊಡೆದೆ. ಎಂಜಿನ್ ಸಮ ಕೂತಿತ್ತು, ಕಾರು ನಿಂತ ನೆಲವೇ ಓರೆ."

"ಅಂಗಳ ಇಳಿಜಾರು ಅಂತ ಗೊತ್ತಾಗ್ಲಿಲ್ವಾ ಅಪ್ಪ?"

"ಹುಟ್ಟಿದಾಗಿನಿಂದ ಅದರ ಮೇಲೇ ಓಡಾಡಿದ್ದು. ನಮಗೆ ಅದೇ ಸಮ."

"ಈ ಪ್ಯಾಕಿಂಗ್ ತುಂಡು ಎಲ್ಲಿಂದ?"

"ಪಕ್ಕದ ಮನೆ ಸುಲೈಗಾ ಚಿಕ್ಕಮ್ಮನ ಗೇಟಿನದು. ಅವರ ಮನೆ ಆಗಲೇ ಕೆಡವಿ ಆಗಿತ್ತು. ಊರಾಚೆ ಹೋದ ಮೇಲೂ, ಅಲ್ಲಿ ಗೇಟೇ ಇಲ್ಲದಿದ್ರೂ, ಗೇಟು ಹಾಕ್ಕೊಂಡು ಬಾರಪ್ಪ ಅಂತ ನನಗೆ ಹೇಳೋರು."

ಮೈಮೂನಾ ಡೀಸೆಲ್ ಬಟ್ಟೆಯಿಂದ ಒರೆಸಿದಳು. ಜಿಡ್ಡಿನ ಅಡಿಯಿಂದ ಒಂದಿಷ್ಟು ಹಸಿರು ಬಣ್ಣ ಎದ್ದು ಬಂತು.

ಪಂಪ್ ಲೇನು ಈಗ ಇಲ್ಲ. ಆ ಬೆಟ್ಟದ ಮಗ್ಗುಲು ಇನ್ನು ಮೇಲೆ ಬಿಳಿಯರದು ಎಂದು ಸರ್ಕಾರ ಒಂದು ಕಾಗದ ಹೊರಡಿಸಿತು. ಬುಲ್ಡೋಜರ್ ಬಂತು. ಜನರನ್ನು ಲಾರಿಗೆ ತುಂಬಿ ಊರಾಚೆಯ ಮರಳುಬಯಲಿನಲ್ಲಿ ಇಳಿಸಿದರು. ಅಷ್ಟೆಲ್ಲ ಮಾಡಿದವರು ಅಲ್ಲಿ ಬಂದು ಬಾಳಲೂ ಇಲ್ಲ. ಅಂಗಳಗಳಿದ್ದ ಕಡೆ ಈಗ ಹುಲ್ಲು.

ಮೈಮೂನಾ ಎರಡು ಮೌಂಟಿಂಗುಗಳ ಮೇಲೆ ಅಡ್ಡಪಟ್ಟಿ ಇಟ್ಟು, ಅದರ ಮೇಲೆ ರಸಮಟ್ಟ ಇಟ್ಟಳು. ಗ್ಯಾರೇಜಿನ ಸಮ ನೆಲದ ಮೇಲೆ ಗುಳ್ಳೆ ಎಡಕ್ಕೆ ಸರಿದು ನಿಂತಿತು. ಅವಳು ಹುಟ್ಟಿದ್ದು ಮರಳುಬಯಲಿನಲ್ಲಿ. ಆ ಬೀದಿಯನ್ನು ನೋಡಿದವಳಲ್ಲ. ಅದರ ಇಳಿಜಾರಿನಷ್ಟೇ ಸರಿದು ನಿಂತ ಆ ಗುಳ್ಳೆಯನ್ನೇ ನೋಡುತ್ತ ನಿಂತಳು.

ಶುಕ್ರವಾರ ಜುಮ್ಮಾ ನಮಾಜಿಗೆ ನಾವು ಕೈ ತೊಳೆಯುವ ಹೊತ್ತಿಗೆ ಹ್ಯೂ ಬಂದ. ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದ.

"ಇದೇನು, ಓರೆಯಾಗಿದೆ? ನಮ್ಮಪ್ಪ ಇಂಥ ಕೆಲಸ ಮಾಡೋರಲ್ಲ."

"ಅವರು ಮಾಡಿಲ್ಲ. ನಾನೂ ಅದನ್ನೇ ಹೇಳೋಣ ಅಂತಿದ್ದೆ," ಅಂದಳು ಮೈಮೂನಾ. ಅಂಗಳ, ರಸಮಟ್ಟ, ಗೇಟು, ಎಲ್ಲವನ್ನೂ ಹೇಳಿದಳು.

ಹ್ಯೂ ತೋಯರಣ್ಣನ ಕಡೆ ತಿರುಗಿದ. "ಅಪ್ಪನಿಗೆ ಸ್ಪ್ಯಾನರ್ ಕೊಡೋಕೆ ಒಬ್ಬ ಹುಡುಗ ಇದ್ದ ಅಂತ ಕೇಳಿದ್ದೆ."

"ಆ ಹುಡುಗನಿಗೆ ಆಗ ಮೂವತ್ತೊಂದು," ಅಂದರು ತೋಯರಣ್ಣ. "ತಲೆ ಆಗಲೇ ಬೋಳಾಗ್ತಿತ್ತು."

ನಾನು ನಕ್ಕೆ. ಹ್ಯೂ ಕೂಡ ಸ್ವಲ್ಪ ನಕ್ಕ. ಕೆಟ್ಟ ಮನುಷ್ಯನಲ್ಲ, ತನ್ನದಲ್ಲದ್ದನ್ನು ತನ್ನದೆಂದೇ ನಂಬಿ ಬೆಳೆದವನು.

"ನಾನು ಜಗಳಕ್ಕೆ ಬಂದಿಲ್ಲ," ಅಂದ. "ಕಾರಿನ ಮುಂದೆ ಇಡೋ ಬೋರ್ಡಿನಲ್ಲಿ ಸಹಾಯಕರು ಅಂತ ಇವರ ಹೆಸರೂ ಹಾಕಿಸ್ತೀನಿ. ಆದರೆ ಸೋಮವಾರ ತೀರ್ಪುಗಾರರು ಬಾನೆಟ್ ಎತ್ತಿ ನೋಡ್ತಾರೆ. ಆ ಹಳೇ ಕಬ್ಬಿಣ ಕತ್ತರಿಸಿ ಬಿಸಾಕಿ, ಸಮ ಮಾಡಿ ಕೊಡಿ."

"ಈ ಓರೆ ಮೇಲೇ ಅಲ್ವಾ ರೇಸ್ ಗೆದ್ದಿದ್ದು?" ಅಂದಳು ಮೈಮೂನಾ. "ಹೊಸ ಎಂಜಿನ್ನೂ ಇದರ ಮೇಲೆ ಕೂರತ್ತೆ. ಓಡತ್ತೆ."

ತೋಯರಣ್ಣನೇ ಬೆಂಚಿನ ಮೇಲಿದ್ದ ಗ್ರೈಂಡರ್ ಎತ್ತಿ ಮಗಳ ಕಡೆ ಚಾಚಿದರು.

"ಕತ್ತರಿಸು ಮಗಳೇ."

"ಅಪ್ಪ?"

"ಬೋರ್ಡಿನ ಹೆಸರಿಗೆ ಅಲ್ಲ. ತಪ್ಪು ತಪ್ಪೇ. ನಲವತ್ತು ವರ್ಷ ನನ್ನ ಕೆಲಸ ಓರೆಯಾಗೇ ಊರು ಸುತ್ತಿದೆ. ಸಾಯೋಕೆ ಮುಂಚೆ ಒಂದು ಸಲ ನೆಟ್ಟಗೆ ನೋಡ್ತೀನಿ."

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಗ್ರೈಂಡರ್ ಈಸಿಕೊಂಡಳು. ಮೌಂಟಿಂಗಿನ ಹತ್ತಿರ ಹೋದಳು. ಒರೆಸಿದ ಜಾಗದಲ್ಲಿ ಹಸಿರು ಹಾಗೆಯೇ ಇತ್ತು.

"ತಟ್ಟೆ ಅವರ ಮನೇಲಿದೆ," ಅಂದಳು ನಿಧಾನವಾಗಿ. "ಗೆದ್ದ ದಿನದ ಫೋಟೋದಲ್ಲೂ ಅವರಪ್ಪನೇ. ನೀವು ಚೆನ್ನಾಗಿ ಮಾಡಿದ್ದನ್ನೆಲ್ಲ ತಮ್ಮದು ಅಂದ್ರು. ಇದೊಂದನ್ನ ಮಾತ್ರ ಬೇಡ ಅಂತಿದಾರೆ."

"ನಾನೂ ಬೇಡ ಅಂತಿದೀನಿ."

"ಗೊತ್ತು."

"ನನ್ನ ಕೆಲಸ ಅದು. ನಾನು ಹೇಳ್ತಿದೀನಿ, ಕತ್ತರಿಸು."

ಬೀದಿಯ ಕೊನೆಯ ಮಸೀದಿಯಿಂದ ಆಜಾನ್ ಕೇಳಿತು. ಮೈಮೂನಾ ಗ್ರೈಂಡರಿನ ಪ್ಲಗ್ ಕಿತ್ತಳು. ವೈರನ್ನು ಮೊಳಕೈಗೆ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದಳು. ಅಪ್ಪನ ಟೊಪ್ಪಿ ತಂದು ಅವರ ಕೈಗಿಟ್ಟಳು.

"ನಮಾಜಿಗೆ ಹೊತ್ತಾಯ್ತು, ಹೋಗಿ ಬನ್ನಿ ಅಪ್ಪ. ನಾನು ಕತ್ತರಿಸಲ್ಲ."