ಬ್ಯಾಡಗಿ ಕಾಯಿಯ ಘಾಟು

ರಾಣೆಬೆನ್ನೂರಿನ ಬೀಜದ ವ್ಯಾಪಾರಿ ವಿರೂಪಾಕ್ಷಪ್ಪ ಹುಬ್ಬಳ್ಳಿಗೆ ಹೋಗಿ ಮನಸ್ಸನ್ನು ಗೆಲ್ಲುವುದನ್ನು ಕಲಿತು ಬಂದ. ಬೀಜದ ಕಂಪನಿಯೊಂದು ತನ್ನ ಅಂಗಡಿಕಾರರಿಗೆಲ್ಲ ಶಿಬಿರ ಇಟ್ಟಿತ್ತು. ಟೈ ಕಟ್ಟಿದ ಮಹಾಶಯನೊಬ್ಬ ಬಂದು, ದುಃಖವೆನ್ನುವುದು ಬರೀ ಕೆಟ್ಟ ಚಟ, ಬೀಡಿ ಬಿಟ್ಟ ಹಾಗೆ ಬಿಟ್ಟರಾಯಿತು ಅಂದನಂತೆ. ಬೀಡಿಯನ್ನೇ ಬಿಡಲಾಗದ ನಮ್ಮ ವಿರೂಪಾಕ್ಷಪ್ಪ ಅದನ್ನು ನಂಬಿದ! ಬರುವಾಗ ಆ ಮಹಾಶಯನ ಕ್ಯಾಸೆಟ್ಟನ್ನೂ ತಂದ.

ಅದು ತೊಂಬತ್ತೊಂದನೆಯ ಇಸವಿ. ಅದೇ ಮಳೆಗಾಲದಲ್ಲಿ ಮಗಳು ಗುಡ್ಡವ್ವ ಕಾಮಾಲೆಯಾಗಿ ತೀರಿಕೊಂಡಳು. ಆರು ವರ್ಷದ ಕೂಸು, ದೇವರಗುಡ್ಡಕ್ಕೆ ಹರಕೆ ಹೊತ್ತು ಪಡೆದವಳು.

ನಮ್ಮ ಕಡೆ ಸತ್ತವರನ್ನು ಸುಮ್ಮನೆ ಕಳಿಸುವುದಿಲ್ಲ. ಹೆಂಗಸರು ಹೆಣದ ಮುಂದೆ ಕೂತು, ಹೋದವರ ಮಾತು, ಗುಣ, ಹಟ ಎಲ್ಲವನ್ನೂ ಹಾಡಿಕೊಂಡು ಅಳುತ್ತಾರೆ. ಮೊದಲ ಸೊಲ್ಲು ಮನೆಯ ಹೆಂಗಸಿನದು. ಅವಳು ಎತ್ತದೆ ಬೇರೆಯವರು ಎತ್ತುವಂತಿಲ್ಲ. ಕೂಸಿನ ತಾಯಿ ನೀಲಗಂಗವ್ವನ ತವರು ಐರಣಿಯಿಂದ ಹೆಂಗಸರು ಟ್ರ್ಯಾಕ್ಟರ್ ಹತ್ತಿ ಬಂದಿದ್ದರು. ವಿರೂಪಾಕ್ಷಪ್ಪ ಬಾಗಿಲಿಗೆ ಅಡ್ಡ ನಿಂತ.

"ಅಳೂದು ಒಂದು ರೋಗ. ನಮ್ಮ ಮನೀಗೆ ಹಚ್ಚಬ್ಯಾಡ್ರಿ."

ನೀಲಗಂಗವ್ವ ಬಾಯಿ ತೆರೆದಳು. ಅವನು ರಟ್ಟೆ ಹಿಡಿದು ಒಳಗೆ ದಬ್ಬಿ ಚಿಲಕ ಹಾಕಿದ. ಕೂಸು ಹಾಡಿಲ್ಲದೆ ಮಣ್ಣಿಗೆ ಹೋಯಿತು.

ಮರುದಿನದಿಂದ ಕ್ಯಾಸೆಟ್ಟು ಶುರು. ಬೆಳಗಾದರೆ ಹೆಂಡತಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, "ಅನ್ನು, ನಾನು ಸುಖವಾಗಿದ್ದೇನೆ" ಎನ್ನುತ್ತಿದ್ದ. ಅವಳು ಅನ್ನಬೇಕು, ಹಲ್ಲು ಕಾಣುವಂತೆ ನಗಬೇಕು. ಕಣ್ಣು ಕೆಂಪಾಗಿದ್ದರೆ ಅವತ್ತು ಊಟವಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗಂಡ ಎಷ್ಟು ಕಾಳಜಿ ಮಾಡುತ್ತಾನೆ ನೋಡು ಎಂದು ಓಣಿಯವರು ಬೇರೆ ಹೇಳುತ್ತಿದ್ದರು. ಅವರ ಬಾಯಿಗೆ ಮಣ್ಣು ಹಾಕ! ಅವಳಿಗೆ ಬೇಕಾದದ್ದು ಇಷ್ಟೇ: ಮಗಳನ್ನು ಒಮ್ಮೆ ಹಾಡಿ ಅತ್ತುಬಿಡಬೇಕು.

ದಾರಿ ಹುಡುಕಿದವಳು ಅತ್ತೆ ಗದಿಗೆವ್ವ. ಬ್ಯಾಡಗಿ ಪೇಟೆಯಿಂದ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತರಿಸಿ ಹಿತ್ತಲಲ್ಲಿ ಸುರುವಿದಳು.

"ಬಾರವಾ ನೀಲಿ, ತೊಟ್ಟು ಬಿಡಸೂಣು. ಘಾಟಿಗೆ ಕಣ್ಣಾಗ ನೀರು ಬಂದ್ರ ಯಾರೇನಂತಾರ?"

ಅತ್ತೆ ಸೊಸೆ ಎದುರುಬದುರು ಕೂತರು. ನೀಲಗಂಗವ್ವ ಸಣ್ಣ ದನಿಯಲ್ಲಿ ಮಗಳ ಹೆಸರು ಹಿಡಿದು ಸೊಲ್ಲೆತ್ತಿದಳು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ದನಿ ಕೂಡಿಸಿದಳು. ಹಾಡು ಕೂಸಿನ ಹಾಲುಹಲ್ಲಿನವರೆಗೆ ಬಂದಿತ್ತೋ ಇಲ್ಲವೋ, ವಿರೂಪಾಕ್ಷಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಬಗ್ಗಿ ಒಂದು ಕಾಯಿ ಮುರಿದು ನಾಲಿಗೆಗೆ ಹಚ್ಚಿಕೊಂಡ.

"ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ. ಇಷ್ಟು ನೀರು ಬರೂದಿಲ್ಲ. ಬೀಜ ಮಾರಾವಗ ಹೇಳಾಕ ಬರ್ತೀರೇನು?"

ಕಾಯಿಯೆಲ್ಲ ಚೀಲ ಸೇರಿ ಅವತ್ತೇ ಗಿರಣಿಗೆ ಹೋಯಿತು. ಅಲ್ಲಿಂದ ಮುಂದೆ ಮನೆಗೆ ಬಂದದ್ದು ಬರೀ ಪುಡಿ. ಇನ್ನೊಮ್ಮೆ ಇಂಥದ್ದು ಮಾಡಿದರೆ ಹೆಂಡತಿಯನ್ನು ಐರಣಿಗೆ ಅಟ್ಟುತ್ತೇನೆಂದು ತಾಯಿಗೆ ಹೇಳಿದ. ಮುದುಕಿ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದಳು. ಮುಂದೆ ಅವನು ತಾನೇ ಊರಲ್ಲಿ ಶಿಬಿರ ನಡೆಸಿ, ಹೆಂಡತಿಯನ್ನು ವೇದಿಕೆ ಹತ್ತಿಸಿ, "ನೋಡ್ರಿ, ಹೆಂಗ ಹೊಂದಿಕೊಂಡಾಳ" ಎಂದು ಚಪ್ಪಾಳೆ ಹೊಡೆಸಿದ. ನೀಲಗಂಗವ್ವ ನಕ್ಕಳು. ನಗುವುದು ಅಷ್ಟೊತ್ತಿಗೆ ರೂಢಿಯಾಗಿತ್ತು.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಗದಿಗೆವ್ವ ಏಳಲಿಲ್ಲ.

ಆಗ ನೋಡಬೇಕಿತ್ತು ವಿರೂಪಾಕ್ಷಪ್ಪನನ್ನು! ಕ್ಯಾಸೆಟ್ಟು ಎಲ್ಲಿ ಹೋಯಿತೋ, ಟೈ ಕಟ್ಟಿದವನು ಎಲ್ಲಿ ಹೋದನೋ, ಅವ್ವಾ ಎಂದು ನೆಲಕ್ಕೆ ಬಿದ್ದು ಹೊರಳಿದ. ಮನೆ ತುಂಬ ಹೆಂಗಸರು ನೆರೆದಿದ್ದರು. ಎಲ್ಲರೂ ಸೊಸೆಯ ಮೊದಲ ಸೊಲ್ಲಿಗೆ ಕಾದರು. ಅವಳು ಬಾಯಿ ಬಿಡಲಿಲ್ಲ.

"ನೀಲಿ, ಅಳು. ನಮ್ಮವ್ವನ್ನ ಬರಿಗೈಲೆ ಕಳಸಬ್ಯಾಡ. ನಿನ್ನ ಕಾಲಿಗೆ ಬೀಳ್ತೇನಿ," ಎಂದು ಅವನು ಗೋಗರೆದ.

ಅತ್ತೆಯ ಹಾಡು, ಮಗಳ ಹಾಡು ಎರಡೂ ಅವಳ ಗಂಟಲಲ್ಲಿದ್ದವು. ಆದರೆ ಚಿಲಕದ ಸದ್ದು ಅವಳಿಗೆ ಮರೆತಿರಲಿಲ್ಲ.

"ಅಳೂದು ರೋಗ ಅಂದಿದ್ರಿ. ನನಗೀಗ ಆರಾಮ ಆಗೇತ್ರಿ," ಎಂದು ಹಲ್ಲು ಕಾಣುವಂತೆ ನಕ್ಕಳು.

ಇಂಥವಳೂ ಇರುತ್ತಾಳೆಯೇ ಎಂದು ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಮೈ ತೊಳೆಯಲು ಬಂದ ನೆರೆಮನೆಯ ಫಕ್ಕೀರವ್ವ ಮುದುಕಿಯ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿದಳು. ಅಡಿಕೆಯ ಕೆಳಗೆ ತೊಟ್ಟು ಬಿಡಿಸದ ಒಂದು ಹಿಡಿ ಮೆಣಸಿನಕಾಯಿ ಇತ್ತು. ಮೂಸಿ ನೋಡಿ ಕೆಮ್ಮಿದಳು.

"ಇದು ಬ್ಯಾಡಗೀದಲ್ಲವಾ, ಗುಂಟೂರಿಂದು. ಮೂಸಿದ್ರ ಸಾಕು, ಕಣ್ಣು ಉರೀತಾವ. ಇದನ್ಯಾಕ ಇಟ್ಕೊಂಡಿತ್ತ ಮುದುಕಿ?"

ಯಾಕೆಂದು ನೀಲಗಂಗವ್ವನಿಗೆ ಗೊತ್ತಿತ್ತು. ಆ ಹಿಡಿ ಕಾಯಿಯನ್ನು ಸೊಸೆ ಅಳಲೆಂದೇ, ಮಗ ಇಲ್ಲದ ಹೊತ್ತಿಗಾಗಿಯೇ ಮುದುಕಿ ಕಾಯ್ದಿಟ್ಟಿದ್ದಳು. ಅವುಗಳನ್ನು ಉಡಿಗೆ ಹಾಕಿಕೊಂಡಳು. ಹೊಟ್ಟೆಯೊಳಗಿಂದ ಅಳು ಎದ್ದು ಬಂತು. ಎದುರಿಗೆ ವಿರೂಪಾಕ್ಷಪ್ಪ ಮೊಣಕಾಲೂರಿ ಅವಳ ಬಾಯನ್ನೇ ನೋಡುತ್ತ ಕೂತಿದ್ದ.

ಅವಳು ಅತ್ತರೆ ಅವನ ಎದೆ ಹಗುರಾಗುತ್ತಿತ್ತು. ಅವಳು ಅಳಲಿಲ್ಲ. ಮುದುಕಿಯೂ ಹಾಡಿಲ್ಲದೆ ಮಣ್ಣಿಗೆ ಹೋದಳು.