ತಲೆಯ ಮೇಲೊಂದು ಅಲೆ

ಯುದ್ಧ, ಭೂಕಂಪಗಳ ವಿಷಯ ಬೇರೆಯವರು ಹೇಳಲಿ. ನಾನು ಹೇಳಬೇಕಾದದ್ದು ಅದಕ್ಕಿಂತ ಗಂಭೀರವಾದದ್ದು: ನನ್ನಲ್ಲಿ 'ಞ' ಇಲ್ಲ.

ನಾನೊಂದು ಟೈಪ್‌ರೈಟರ್. ಹುಟ್ಟಿದ್ದು ಅಮೆರಿಕದ ಕಾರ್ಖಾನೆಯಲ್ಲಿ, ಇಂಗ್ಲಿಷ್ ಬರೆಯಲೆಂದು. ಬದುಕಿದ್ದು ಮೆಕ್ಸಿಕೋ ನಗರದಲ್ಲಿ, ಸ್ಪ್ಯಾನಿಷ್ ಬರೆಯುತ್ತ. ನಿಮ್ಮ ಞ ಅಕ್ಷರಮಾಲೆಯ ಪಾಠ ಮುಗಿದ ಮೇಲೆ ಅಷ್ಟಾಗಿ ಮುಖ ತೋರಿಸುವುದಿಲ್ಲ. ಅಲ್ಲಿ ಹಾಗಲ್ಲ, 'ನಾಳೆ', 'ಕನಸು', 'ಮುದ್ದು' ಎನ್ನಲೂ ಅದೇ ಬೇಕು. 'ನ'ದ ತಲೆಯ ಮೇಲೆ ಅಲೆಯಂಥ ಪುಟ್ಟ ಗೆರೆ ಎಳೆದರೆ ಞ, ಮರೆತರೆ ಬರೀ ನ. ಇಂಥ ನನ್ನನ್ನು ಹಳೇ ಸಾಮಾನಿನ ಅಂಗಡಿಯಿಂದ ಎತ್ತಿಕೊಂಡು ಹೋದವನು, ಹೋಗಿ ಹೋಗಿ, ಸಿನಿಮಾಕ್ಕೆ ಪ್ರೇಮಗೀತೆ ಬರೆಯುವವನು.

ಎವಾರಿಸ್ತೊ ಲೆರ್ಮಾ ಎರಡೇ ಬೆರಳಲ್ಲಿ ಕುಟ್ಟುತ್ತಿದ್ದ. ಸಿಗರೇಟಿನ ಬೂದಿ ನನ್ನ ಹೊಟ್ಟೆಗೆ, ಮುಗಿದ ಹಾಳೆ ಹೆಂಡತಿಯ ಕೈಗೆ. ಆಕೆ ಅಂತೋನಿಯಾ, ಮನೆಯಲ್ಲಿ ತೋಞಾ. ಅಡುಗೆಮನೆಯ ಮೇಜಿನ ಮುಂದೆ ಕೂತು, ಬೇಕಾದಲ್ಲೆಲ್ಲ ಪೆನ್ಸಿಲಿನಿಂದ ಅಲೆ ಹಾಕುವುದು ಆಕೆಯ ಕೆಲಸ. ಹದಿನೈದು ವರ್ಷ ಹೀಗೇ ನಡೆಯಿತು. ತೆರೆಯ ಮೇಲೆ ಕುದುರೆ ಸವಾರರು ಅತ್ತರು, ಊರೆಲ್ಲ ಅತ್ತಿತು.

"ರೋಸಾ ಆಯ್ತು, ಲೂಪೆ ಆಯ್ತು, ಕಂಡಕಂಡವಳ ಹೆಸರೆಲ್ಲ ಹಾಡಾಯ್ತು," ಎನ್ನುತ್ತಿದ್ದಳು ತೋಞಾ. "ನನ್ನ ಹೆಸರು ಯಾವಾಗ ಬರುತ್ತೋ, ಮುದುಕಾ?" ಮುದುಕನಿಗಾಗ ನಲವತ್ತೂ ಆಗಿರಲಿಲ್ಲ. ಆ ಊರಿನ ಹೆಂಡತಿಯರು ಗಂಡನನ್ನು ಪ್ರೀತಿಯಿಂದ ಕರೆಯುವುದೇ ಹಾಗೆ.

ಕೊನೆಗೊಮ್ಮೆ ಆಕೆ ಮಾರುಕಟ್ಟೆಗೆ ಹೋದಾಗ ಅವನು ಆ ಹಾಡು ಬರೆದ. ಗುಟ್ಟಾಗಿ; ಚಿತ್ರಮಂದಿರದಲ್ಲೇ ಕೇಳಿ ಬೆರಗಾಗಲಿ ಎಂದು. ಹಾಳೆ ಕೋಟಿನೊಳಗೆ ಸೇರಿತು, ಅಲ್ಲಿಂದ ಸ್ಟುಡಿಯೋಗೆ. ಧ್ವನಿಮುದ್ರಣದ ದಿನ ಅವನು ಹಲ್ಲು ಕೀಳಿಸಿಕೊಳ್ಳುತ್ತಿದ್ದ. ನಾಯಕ ನಟ ಹಾಳೆಯಲ್ಲಿದ್ದದ್ದನ್ನು ಇದ್ದ ಹಾಗೇ ಹಾಡಿದ.

ಚಿತ್ರ ನೋಡಿ ಬಂದವರೇ ನನ್ನ ಮುಂದೆ ನಿಂತರು.

"ಯಾರೋ ಅವಳು, ತೋನಾ?"

"ನೀನೇ ಕಣೇ!"

"ನನ್ನ ಹೆಸರು ಅದಲ್ಲ."

"ಇದರಲ್ಲಿ ಆ ಅಕ್ಷರ ಇಲ್ಲವಲ್ಲೇ," ಎಂದು ನನ್ನ ಕಡೆ ಕೈ ತೋರಿಸಿದ.

"ಅದು ಕಬ್ಬಿಣ. ಒಂದು ಗೆರೆ ಎಳೆಯೋಕೆ ನಿನ್ನ ಕೈಗೇನಾಗಿತ್ತು?"

"ಅದು ಯಾವಾಗಲೂ ನಿನ್ನ ಕೆಲಸ ಅಲ್ವಾ..." ಎಂದ. ಎಂದ ಮೇಲೆ ಅವನಿಗೂ ಕೇಳಿಸಿತು, ಏನೆಂದೆ ಎಂದು.

ಮುಂದಿನ ಹಾಡಿನ ಅಲೆಗಳನ್ನು ಅವನೇ ಹಾಕಿದ, ಅದರ ಮುಂದಿನದಕ್ಕೂ. ಸೊಟ್ಟಗೆ. ಆದರೆ ಬಿಡುಗಡೆಯಾದ ಚಿತ್ರವನ್ನು ತಿದ್ದುವ ಪೆನ್ಸಿಲ್ ಯಾರ ಬಳಿಯೂ ಇರಲಿಲ್ಲ.

ಅವನು ತೀರಿಹೋಗಿ ಹನ್ನೊಂದು ವರ್ಷವಾಯಿತು. ನಾನೀಗ ಕಿಟಕಿಯ ಪಕ್ಕ ಹೂಕುಂಡ ಹೊತ್ತು ಕೂತಿದ್ದೇನೆ. ಮೊನ್ನೆ ತೋಞಾ ಹಳೇ ಕೋಟು ಕೊಡವುವಾಗ ಆ ಹಾಡಿನ ಎರಡನೆಯ ಪ್ರತಿ ಸಿಕ್ಕಿತು. ನನ್ನ ಪಕ್ಕದಲ್ಲೇ ಹರಡಿ, ಕನ್ನಡಕ ಏರಿಸಿ, ಏಳು ಕಡೆ ಏಳು ಅಲೆ ಹಾಕಿದಳು.

"ಈಗ ಸರಿಯಾಯ್ತು, ಮುದುಕಾ," ಎಂದಳು.

ಇಲ್ಲದ ಅಕ್ಷರಕ್ಕಾಗಿ ಮೊದಲೆಲ್ಲ ನಾಚುತ್ತಿದ್ದೆ. ಅದಿದ್ದಿದ್ದರೆ ಆ ಇಬ್ಬರೂ ಒಂದೇ ಹಾಳೆಯ ಮೇಲೆ ಹದಿನೈದು ವರ್ಷ ಬಗ್ಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ರೇಡಿಯೋದಲ್ಲಿ ಇವತ್ತಿಗೂ ತೋನಾ ಎಂದೇ ಹಾಡುತ್ತಾರೆ.